ಜೀನು ಬಿಗಿಯುವ ಮೊದಲು ಬೆನ್ನು ಮುಟ್ಟಿ ನೋಡಿ

ನಮ್ಮ ಮಲ್ಲಿ ಕಚ್ಚುವ ಕುದುರೆ ಅಲ್ಲ. ಮನೆಯ ಮಕ್ಕಳು ಅವಳ ಹೊಟ್ಟೆಯ ಕೆಳಗೆ ನುಸುಳಿ ಆಡಿದರೂ ಕಾಲು ಎತ್ತಿದವಳಲ್ಲ. ಅಂಥವಳು ಒಂದು ಬೇಸಿಗೆಯಲ್ಲಿ ನಾನು ತಂಗು (ಜೀನು ಜಾರದ ಹಾಗೆ ಹೊಟ್ಟೆಯ ಕೆಳಗೆ ಸುತ್ತುವ ಪಟ್ಟಿ) ಬಿಗಿಯುತ್ತಿದ್ದಾಗ ತಿರುಗಿ ನನ್ನ ಅಂಗಿಯ ತೋಳು ಹಿಡಿದು ಎಳೆದಳು. ಮರುದಿನ ಜೀನು ಕಂಡ ಕೂಡಲೇ ಕಿವಿ ಹಿಂದಕ್ಕೆ ಒತ್ತಿದಳು. ವಾರದೊಳಗೆ ಇಳಿಜಾರಿನಲ್ಲಿ ಎಡವತೊಡಗಿದಳು. ಮನೆಯಲ್ಲಿ ಎಲ್ಲರದೂ ಒಂದೇ ಮಾತು: 'ಮೊಂಡ ಬಿದ್ದೈತಿ, ಎರಡ ಕೊಟ್ರ ಸರಿ ಆಗ್ತೈತಿ.' ಕಾಲು ನೋವಿರಬೇಕು ಅಂದುಕೊಂಡು ನಾನು ಲಾಳ ಬದಲಿಸಿದೆ. ಏನೂ ಬದಲಾಗಲಿಲ್ಲ.

ವಿಜಯಪುರದಲ್ಲಿ ಎಷ್ಟೋ ವರ್ಷ ಟಾಂಗಾ ಹೊಡೆದ ಚಾಚಾ ಒಬ್ಬರು ನಮ್ಮ ಓಣಿಯಲ್ಲೇ ಇದ್ದಾರೆ. ಅವರನ್ನು ಕರೆದೆ. ಅವರು ಕಾಲಿನ ಕಡೆ ನೋಡಲೇ ಇಲ್ಲ. ಮಲ್ಲಿಯ ಕತ್ತಿನ ಬುಡದಲ್ಲಿ ಅಂಗೈ ಇಟ್ಟು ಮೆಲ್ಲಗೆ ಹಿಂದಕ್ಕೆ ಸವರಿಕೊಂಡು ಹೋದರು. ಬುಡದ ಉಬ್ಬು ದಾಟಿ ನಾಲ್ಕು ಬೆರಳು ಹೋಗಿರಲಿಲ್ಲ, ನೊಣ ಕೂತಂತೆ ಚರ್ಮ ಅದುರಿತು, ಬೆನ್ನು ಒಮ್ಮೆಲೇ ಕೆಳಗೆ ಕುಸಿಯಿತು. 'ತಮ್ಮಾ, ಕಾಲಿಗಿ ಏನೂ ಆಗಿಲ್ಲ. ಬೆನ್ನ ನೋಯಾಕತ್ತೈತಿ. ಜೀನ ತಗೊಂಡ ಬಾ ಇಲ್ಲಿ.'

ಅವತ್ತು ಕಲಿತದ್ದು ಮತ್ತು ಆಮೇಲೆ ಪಶುವೈದ್ಯರಿಂದ ಕೇಳಿ ತಿಳಿದದ್ದು ಎಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಎತ್ತಿನ ಹೆಗಲು ನೋಡದ ರೈತ ಇಲ್ಲ. ನೊಗ ತಾಗಿ ಹೆಗಲು ಬಾತರೆ ಅವತ್ತೇ ಗಳೆ ಬಿಡುತ್ತಾರೆ, ನೊಗ ಕೆತ್ತಿ ನುಣುಪು ಮಾಡುತ್ತಾರೆ. ಕುದುರೆಯ ಬೆನ್ನಿಗೆ ಮಾತ್ರ ಆ ಕಾಳಜಿ ಸಿಗುವುದಿಲ್ಲ, ಯಾಕೆಂದರೆ ಗಾಯ ಜೀನಿನ ಕೆಳಗೆ ಮುಚ್ಚಿಹೋಗಿರುತ್ತದೆ, ಅದರ ಮೇಲೆ ನಾವೇ ಕೂತಿರುತ್ತೇವೆ.

ಮೊದಲು ಜೀನು ಇಲ್ಲದ ಬೆನ್ನು ನೋಡಿ. ಕುದುರೆಯನ್ನು ಸಪಾಟು ನೆಲದಲ್ಲಿ ನಾಲ್ಕೂ ಕಾಲು ಸಮ ಊರಿ ನಿಲ್ಲಿಸಿ. ಬೆನ್ನೆಲುಬಿನಿಂದ ಒಂದು ಅಂಗೈ ದೂರದಲ್ಲಿ, ಉಗುರು ತಾಗದ ಹಾಗೆ, ಮೊದಲು ಹಗುರವಾಗಿ ಸವರಿ, ಆಮೇಲೆ ಸ್ವಲ್ಪ ಒತ್ತಿ. ಎರಡೂ ಬದಿ ನೋಡಬೇಕು. ಆರೋಗ್ಯವಾದ ಬೆನ್ನು ಹದವಾಗಿ ಸ್ವಲ್ಪ ಬಗ್ಗುತ್ತದೆ, ಅಷ್ಟೇ. ನೋವಿದ್ದರೆ ಮಾಂಸ ಕಟ್ಟಿಗೆಯ ಹಾಗೆ ಬಿಗಿಯಾಗುತ್ತದೆ ಅಥವಾ ಬೆನ್ನು ಜೋರಾಗಿ ಕುಸಿಯುತ್ತದೆ. ಬಾಲ ಬೀಸುತ್ತದೆ, ತಲೆ ಎತ್ತುತ್ತದೆ. ಬಿಳಿ ಕೂದಲಿನ ಚುಕ್ಕೆ ಇದೆಯಾ ನೋಡಿ. ಹುಟ್ಟಿನಿಂದ ಇಲ್ಲದ ಬಿಳಿ ಕೂದಲು ಜೀನಿನ ಜಾಗದಲ್ಲಿ ಬಂದಿದ್ದರೆ, ಅಲ್ಲಿ ಹಿಂದೆ ಯಾವಾಗಲೋ ಒತ್ತಡ ಬಿದ್ದು ಕೂದಲಿಗೆ ಬಣ್ಣ ಕೊಡುವ ಕಣಗಳೇ ಸತ್ತಿವೆ ಅಂತ ಅರ್ಥ. ಕುದುರೆ ಕೊಳ್ಳುವಾಗ ಜಾತ್ರೆಯಲ್ಲಿ ಎಲ್ಲರೂ ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ. ಈ ಚುಕ್ಕೆಯನ್ನೂ ನೋಡಿ ಅಂತ ನನ್ನ ಕಳಕಳಿ.

ಇನ್ನೊಂದು ಗುರುತು, ಕತ್ತಿನ ಬುಡದ ಆ ಉಬ್ಬಿನ ಹಿಂದೆ ಎರಡೂ ಬದಿಗೆ ಬಿದ್ದ ಗುಂಡಿ. ಕುದುರೆ ಸೊರಗಿದೆ ಅಂತ ಹುರುಳಿ, ಕಡಲೆ ಜಾಸ್ತಿ ಹಾಕುತ್ತೇವೆ, ಹೊಟ್ಟೆ ಬೆಳೆಯುತ್ತದೆ, ಆ ಗುಂಡಿ ಮಾತ್ರ ತುಂಬುವುದಿಲ್ಲ. ಅಗಲ ಕಡಿಮೆ ಇರುವ ಜೀನು ದಿನಾ ಚಿಮಟದ ಹಾಗೆ ಹಿಡಿದು ಅಲ್ಲಿಯ ಮಾಂಸ ಕರಗಿರುತ್ತದೆ. ಜೀನು ಬದಲಾಗುವವರೆಗೂ ಅದು ಬೆಳೆಯುವುದಿಲ್ಲ.

ಈಗ ಜೀನು. ಅದನ್ನು ಹಾಕುವ ಮೊದಲು ತಿರುವಿ ನೋಡಿ. ಕೆಳಗಿನ ಎರಡು ದಿಂಬುಗಳಲ್ಲಿ ಕೈ ಆಡಿಸಿದರೆ ಗಂಟು ಸಿಗಬಾರದು. ಹತ್ತಿ ತುಂಬಿದ್ದರೆ ಬೆವರು ಕುಡಿದು ಕುಡಿದು ಗಟ್ಟಿ ಉಂಡೆ ಕಟ್ಟಿರುತ್ತದೆ, ಉಣ್ಣೆ ಒಳ್ಳೆಯದು. ಆಮೇಲೆ ಜೀನಿನ ಮುಂಭಾಗವನ್ನು ತೊಡೆಗೆ ಆನಿಸಿ ಹಿಂಭಾಗವನ್ನು ನಿಮ್ಮ ಕಡೆ ಎಳೆಯಿರಿ. ಕಿರ್ ಅಂದರೆ, ಅಥವಾ ಒಂದು ಬದಿ ಜಾಸ್ತಿ ಬಗ್ಗಿದರೆ, ಒಳಗಿನ ಚೌಕಟ್ಟು ಮುರಿದಿದೆ. ಅದನ್ನು ಕುದುರೆಯ ಮೇಲೆ ಹಾಕಲೇಬೇಡಿ.

ಸರಿ ಇದ್ದರೆ, ಕಂಬಳಿ ಹಾಕದೆ, ತಂಗು ಬಿಗಿಯದೆ, ಬರೀ ಜೀನನ್ನು ಬೆನ್ನ ಮೇಲೆ ಇಡಿ. ಸ್ವಲ್ಪ ಮುಂದೆಯೇ ಇಟ್ಟು, ಕೂದಲು ಮಲಗಿದ ದಿಕ್ಕಿಗೆ ಹಿಂದಕ್ಕೆ ಸರಿಸಿ. ತಾನಾಗಿ ಒಂದು ಕಡೆ ಕೂರುತ್ತದೆ, ಅದೇ ಅದರ ಜಾಗ. ನಮ್ಮಲ್ಲಿ ಹೆಚ್ಚಿನವರು ಜೀನನ್ನು ತೀರಾ ಮುಂದೆ ಹಾಕುತ್ತಾರೆ. ಕುದುರೆ ಮುಂಗಾಲು ಮುಂದೆ ಚಾಚಿದಾಗ ಹೆಗಲಿನ ಚಪ್ಪಟೆ ಎಲುಬಿನ ಮೇಲ್ತುದಿ ಹಿಂದಕ್ಕೆ ಬರುತ್ತದೆ. ನಂಬಿಕೆ ಬರದಿದ್ದರೆ ಯಾರಿಗಾದರೂ ಮುಂಗಾಲು ಮುಂದಕ್ಕೆ ಎತ್ತಿ ಹಿಡಿಯಲು ಹೇಳಿ ನೀವು ಹೆಗಲ ಮೇಲೆ ಕೈ ಇಟ್ಟು ನೋಡಿ, ಎಲುಬು ಬಂದು ಅಂಗೈಗೆ ತಾಗುತ್ತದೆ. ಆ ಜಾಗದಲ್ಲಿ ಜೀನಿನ ಚೌಕಟ್ಟು ಕೂತಿದ್ದರೆ ಹೆಜ್ಜೆ ಹೆಜ್ಜೆಗೂ ಎಲುಬು ಅದಕ್ಕೆ ಗುದ್ದುತ್ತದೆ. ಕುದುರೆ ಏನು ಮಾಡುತ್ತದೆ? ಹೆಜ್ಜೆ ಚಿಕ್ಕದು ಮಾಡಿಕೊಳ್ಳುತ್ತದೆ, ಕಾಲು ಪೂರ್ತಿ ಎತ್ತುವುದಿಲ್ಲ, ಎಡವುತ್ತದೆ. ಮಲ್ಲಿ ಎಡವಿದ್ದು ಇದಕ್ಕೇ. ಆದ್ದರಿಂದ ಹೆಗಲೆಲುಬಿನ ಹಿಂದೆ ಎರಡು ಮೂರು ಬೆರಳು ಬಿಟ್ಟು ಜೀನಿನ ಚೌಕಟ್ಟು ಶುರುವಾಗಬೇಕು.

ಎತ್ತರ ನೋಡಿ. ಉಬ್ಬಿಗೂ ಜೀನಿಗೂ ನಡುವೆ ಮೂರು ಬೆರಳಷ್ಟು ಜಾಗ ಇರಬೇಕು, ಸವಾರ ಕೂತ ಮೇಲೂ ಎರಡು ಬೆರಳಾದರೂ ಉಳಿಯಬೇಕು. ಮೇಲೆ ಮಾತ್ರ ಅಲ್ಲ, ಉಬ್ಬಿನ ಎರಡು ಪಕ್ಕದಲ್ಲೂ. ಇನ್ನು ಹಿಂದೆ ನಿಂತು ಜೀನಿನ ಎರಡು ದಿಂಬುಗಳ ನಡುವಿನ ಕಾಲುವೆಯೊಳಗೆ ಇಣುಕಿ. ಆ ಕಡೆಯ ಬೆಳಕು ಕಾಣಬೇಕು. ಕಾಲುವೆ ಉದ್ದಕ್ಕೂ ಮೂರು ನಾಲ್ಕು ಬೆರಳು ಅಗಲ ಇರಬೇಕು, ಬೆನ್ನೆಲುಬಿನ ಮೇಲೆ ಏನೂ ತಾಗಬಾರದು. ಭಾರ ಹೊರಬೇಕಾದದ್ದು ಎಲುಬಲ್ಲ, ಅದರ ಎರಡು ಬದಿಯ ಮಾಂಸ. ಕುರಿ ಹಿಂಡಿನ ಜೊತೆ ಹೋಗುವ ಕುದುರೆಗೆ ಸಾಮಾನು ಹೇರುವವರಿಗೂ ಇದೇ ಮಾತು: ಹೊರೆ ಎರಡು ಕಡೆಗೂ ಸಮ, ನಟ್ಟನಡುವೆ ಖಾಲಿ.

ಆಮೇಲೆ ದಿಂಬಿನ ಕೆಳಗೆ ಅಂಗೈ ತೂರಿಸಿ ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಎಲ್ಲ ಕಡೆ ಒಂದೇ ಸಮ ಒತ್ತಬೇಕು. ಮುಂದೆ ಬಿಗಿ, ನಡುವೆ ಕೈ ಸಲೀಸು, ಹಿಂದೆ ಮತ್ತೆ ಬಿಗಿ ಅಂದರೆ ಜೀನು ಸೇತುವೆಯ ಹಾಗೆ ಎರಡು ತುದಿಯಲ್ಲಿ ಮಾತ್ರ ಕೂತಿದೆ, ಸವಾರನ ಪೂರ್ತಿ ಭಾರ ನಾಲ್ಕೇ ಜಾಗಕ್ಕೆ ಬೀಳುತ್ತದೆ. ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗಿದರೂ ತಪ್ಪು.

ಉದ್ದದ ವಿಷಯದಲ್ಲಿ ನಮ್ಮ ಭಾಗದವರು ವಿಶೇಷ ಜಾಗ್ರತೆ ವಹಿಸಬೇಕು. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬು. ಕೊನೆಯ ಪಕ್ಕೆಲುಬನ್ನು ಹೊಟ್ಟೆಯ ಬದಿಯಲ್ಲಿ ಬೆರಳಿನಿಂದ ಹುಡುಕಿ, ಅದರ ಗುಂಟ ಬೆನ್ನಿನವರೆಗೆ ಬನ್ನಿ, ಅಲ್ಲೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ದಿಂಬು ಅದನ್ನು ದಾಟಬಾರದು. ಅದರ ಹಿಂದೆ ಸೊಂಟ, ಅಲ್ಲಿ ಭಾರ ತಡೆಯಲು ಪಕ್ಕೆಲುಬಿನ ಆಧಾರ ಇಲ್ಲ. ಭೀಮಾ ತೀರದ ಭೀಮಥಡಿ ಕುದುರೆ, ನಮ್ಮ ತಟ್ಟು (ಸಣ್ಣ ಕುದುರೆ), ಗಿಡ್ಡ ಮೈಯವು. ಮಾರವಾಡಿ ಕುದುರೆ ಎತ್ತರ, ಅದರ ಉಬ್ಬೂ ಎದ್ದು ಕಾಣುತ್ತದೆ. ಅದಕ್ಕೆ ಹೊಲಿದ ಜೀನನ್ನು ದುಂಡು ಬೆನ್ನಿನ ತಟ್ಟಿಗೆ ಹಾಕಿದರೆ ಮುಂದೆ ಹಿಚುಕುತ್ತದೆ, ಹಿಂದೆ ಸೊಂಟಕ್ಕೆ ಚಾಚುತ್ತದೆ. ನಾನು ಮಾಡಿದ ತಪ್ಪು ಇದೇ. ಚೆನ್ನಾಗಿ ಕಂಡಿತು ಅಂತ ಬೇರೆ ಕುದುರೆಯ ಹಳೆಯ ಜೀನನ್ನು ಕೊಂಡು ತಂದಿದ್ದೆ, ಮಲ್ಲಿಯ ಬೆನ್ನು ಅಳೆದೇ ಇರಲಿಲ್ಲ.

ಅಳೆಯುವುದು ಸುಲಭ. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಬಗ್ಗಿಸಿದರೆ ಹಾಗೇ ನಿಲ್ಲುವ ದಪ್ಪ ತಂತಿ ಎರಡು ಅಡಿ ತನ್ನಿ. ಹೆಗಲೆಲುಬಿನ ಹಿಂದೆ ಎರಡು ಬೆರಳು ಬಿಟ್ಟು ಬೆನ್ನಿನ ಮೇಲೆ ಅಡ್ಡಲಾಗಿ ಒತ್ತಿ ಕೂರಿಸಿ, ಆಕಾರ ಕೆಡದ ಹಾಗೆ ತೆಗೆದು, ರಟ್ಟಿನ ಮೇಲೆ ಇಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆದು ಕತ್ತರಿಸಿ. ತಾರೀಖು ಬರೆಯಿರಿ. ಜೀನು ಕೊಳ್ಳಲು ಹೋಗುವಾಗ ಆ ರಟ್ಟನ್ನು ಜೊತೆಗೆ ಒಯ್ದು ಜೀನಿನ ಮುಂಭಾಗದ ಒಳಗೆ ಹಿಡಿದು ನೋಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ರಟ್ಟು ತೆಗೆಯಿರಿ, ಯಾಕೆಂದರೆ ಮಳೆಗಾಲದ ಹಸಿ ಮೇವು ತಿಂದ ಮೈ ಬೇರೆ, ಏಪ್ರಿಲ್ ಬಿಸಿಲಿನಲ್ಲಿ ಒಣ ಕಣಿಕೆ ತಿಂದ ಮೈ ಬೇರೆ. ಐದಾರು ವರ್ಷದ ಒಳಗಿನ ಕುದುರೆಯಾದರೆ ಇನ್ನೂ ಬೆಳೆಯುತ್ತಿರುತ್ತದೆ.

ಅಗಲ ಕಡಿಮೆ ಇರುವ ಜೀನಿಗೆ ಇನ್ನೊಂದು ಕಂಬಳಿ ಹಾಕಿದರೆ ಆಯ್ತಲ್ಲ ಅನ್ನುತ್ತಾರೆ. ಆಗುವುದಿಲ್ಲ. ಕಂಬಳಿ ಜಾಸ್ತಿ ಆದಷ್ಟೂ ಹಿಚುಕುವುದು ಜಾಸ್ತಿ. ಕುರಿ ಉಣ್ಣೆಯ ಕಂಬಳಿ ಬೆವರು ಹೀರುತ್ತದೆ, ಅದಕ್ಕಿಂತ ಒಳ್ಳೆಯ ಹಾಸು ನನಗೆ ಗೊತ್ತಿಲ್ಲ, ಆದರೆ ಒಂದೇ ಸಾಕು, ಮಡಿಕೆ ಬೀಳಬಾರದು. ಹಾಕುವ ಮೊದಲು ಕೊಡವಿ, ಕೈಯಾಡಿಸಿ ನೋಡಿ. ಒಂದು ಉತ್ತರಾಣಿ ಬೀಜ ಸಿಕ್ಕಿಕೊಂಡಿದ್ದರೂ ಹತ್ತು ಕಿಲೋಮೀಟರಿನಲ್ಲಿ ಚರ್ಮ ಕಿತ್ತಿರುತ್ತದೆ. ಬೇಸಿಗೆಯಲ್ಲಿ ಬೆವರಿನ ಉಪ್ಪು ಒಣಗಿ ಕಂಬಳಿ ಉಜ್ಜುಗಲ್ಲಿನ ಹಾಗೆ ಆಗುತ್ತದೆ, ಒಗೆದು ಪೂರ್ತಿ ಒಣಗಿಸಿ. ಹಾಕಿದ ಮೇಲೆ ಕಂಬಳಿಯನ್ನು ಜೀನಿನ ಕಾಲುವೆಯೊಳಗೆ ಮೇಲಕ್ಕೆ ಎತ್ತಿ ಬಿಡಿ, ಉಬ್ಬಿನ ಮೇಲೆ ಬಿಗಿಯಾಗಿ ಎಳೆದುಕೊಂಡಿರಬಾರದು.

ತಂಗನ್ನು ಒಂದೇ ಸಲ ಎಳೆದು ಬಿಗಿಯಬೇಡಿ. ಒಂದು ತೂತು, ನಾಲ್ಕು ಹೆಜ್ಜೆ ನಡೆಸಿ, ಇನ್ನೊಂದು ತೂತು. ಮೊಣಕೈ ಹಿಂದಿನ ಸಡಿಲ ಚರ್ಮ ಸಿಕ್ಕಿಕೊಳ್ಳದ ಹಾಗೆ ಎರಡೂ ಮುಂಗಾಲನ್ನು ಒಮ್ಮೆ ಮುಂದಕ್ಕೆ ಎಳೆದು ಬಿಡಿ. ಹತ್ತುವಾಗ ರಿಕಾಬಿಗೆ (ಕಾಲಿಡುವ ಬಳೆಗೆ) ಜೋತು ಬೀಳುವ ಬದಲು ಕಟ್ಟೆ ಅಥವಾ ಕಲ್ಲಿನ ಮೇಲೆ ನಿಂತು ಹತ್ತಿ, ಜೀನು ತಿರುಚುವುದಿಲ್ಲ.

ಭಾರದ ಲೆಕ್ಕವೂ ಬೇಕು. ಜೀನು ಸೇರಿ ಸವಾರನ ಭಾರ ಕುದುರೆಯ ತೂಕದ 20 ಪ್ರತಿಶತ ದಾಟಬಾರದು ಅಂತ ರೂಢಿಯ ಲೆಕ್ಕ ಇದೆ. ತೂಕ ಹೇಗೆ ಗೊತ್ತಾಗಬೇಕು? ದರ್ಜಿಯ ಟೇಪು ಸಾಕು. ಎದೆಸುತ್ತನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಮೈಯ ಉದ್ದದಿಂದ, ಅಂದರೆ ಎದೆಯ ಪಕ್ಕದ ಹೆಗಲ ತುದಿಯಿಂದ ಹಿಂದಿನ ಪಿರ್ರೆಯ ತುದಿಯವರೆಗಿನ ಉದ್ದದಿಂದ, ಮತ್ತೆ ಗುಣಿಸಿ 11,880ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಕಿಲೋ ಸಿಗುತ್ತದೆ. ಮಲ್ಲಿಯ ಎದೆಸುತ್ತು 150, ಉದ್ದ 145. ತೂಕ 275 ಕಿಲೋ ಬಂತು. ಅಂದರೆ ಜೀನು ಸೇರಿ 55 ಕಿಲೋ. ನಾನೇ 68 ಕಿಲೋ ಇದ್ದೆ. ಈಗ ಅವಳ ಮೇಲೆ ನನ್ನ ಮಗಳು ಕೂರುತ್ತಾಳೆ, ನಾನು ಪಕ್ಕದಲ್ಲಿ ನಡೆಯುತ್ತೇನೆ.

ಮದುವೆ ಮೆರವಣಿಗೆಗೆ ಕುದುರೆ ಕೊಡುವವರು ಇದನ್ನು ದಯವಿಟ್ಟು ಓದಿ. ನಿಂತಲ್ಲೇ ನಿಂತ ಭಾರ ನಡೆಯುವಾಗಿನ ಭಾರಕ್ಕಿಂತ ಹಗುರ ಅಂತ ಅಂದುಕೊಳ್ಳಬೇಡಿ. ಒಂದೇ ಜಾಗ ಒತ್ತಿ ಹಿಡಿದಷ್ಟು ಹೊತ್ತೂ ಅಲ್ಲಿಗೆ ರಕ್ತ ಓಡುವುದಿಲ್ಲ. ಗಂಟೆಗಟ್ಟಲೆ ಬ್ಯಾಂಡಿನ ಮುಂದೆ ಮದುಮಗನನ್ನು ಹೊತ್ತು ನಿಲ್ಲಿಸುವ ಬದಲು ನಡುನಡುವೆ ಇಳಿಸಿ, ತಂಗು ಸಡಿಲಿಸಿ.

ಸವಾರಿ ಮುಗಿದ ಮೇಲಿನ ಐದು ನಿಮಿಷ ಎಲ್ಲಕ್ಕಿಂತ ಜಾಸ್ತಿ ಕಲಿಸುತ್ತದೆ. ತಂಗು ಸಡಿಲಿಸಿ ಸ್ವಲ್ಪ ಹೊತ್ತು ಬಿಟ್ಟು ಜೀನು ತೆಗೆಯಿರಿ. ಬೆವರಿನ ಗುರುತು ನೋಡಿ. ಕಾಲುವೆಯ ಜಾಗ ಒಣಗಿರಬೇಕು, ಎರಡು ಬದಿ ಸಮವಾಗಿ ಒದ್ದೆ ಇರಬೇಕು. ಒದ್ದೆಯ ನಡುವೆ ರೂಪಾಯಿ ನಾಣ್ಯದಷ್ಟು ಅಥವಾ ಅಂಗೈಯಷ್ಟು ಒಣ ಜಾಗ ಕಂಡರೆ, ಅಲ್ಲಿ ಒತ್ತಡ ಎಷ್ಟಿತ್ತೆಂದರೆ ಬೆವರೇ ಬಂದಿಲ್ಲ. ಕೂದಲು ಕೆದರಿದ್ದರೆ ಜೀನು ಅಲ್ಲಿ ಉಜ್ಜುತ್ತಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಕೈಯಾಡಿಸಿ, ಒತ್ತಡ ಬಿದ್ದ ಜಾಗ ಆಗ ಬಾತುಕೊಳ್ಳುತ್ತದೆ.

ಜೀನು ಯಾವಾಗಲೂ ಒಂದೇ ಬದಿಗೆ ಜಾರುತ್ತಿದ್ದರೆ ಬರೀ ಜೀನನ್ನು ದೂರಬೇಡಿ. ಸವಾರ ವಾರೆ ಕೂತಿರಬಹುದು. ಹಿಂಗಾಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಂಟು ಇದ್ದರೂ ಹೀಗಾಗುತ್ತದೆ. ಆಗ ಪಶುವೈದ್ಯರಿಗೆ ತೋರಿಸಲೇಬೇಕು.

ದಿಂಬು ಬಿಚ್ಚಿ ಹೊಸ ಉಣ್ಣೆ ತುಂಬಿಸುವ ಕೆಲಸಕ್ಕೆ ಜೀನು ಹೊಲಿಯುವವರೇ ಸಿಗದಿದ್ದರೆ ಅಥಣಿ, ನಿಪ್ಪಾಣಿ ಕಡೆಯ ಚರ್ಮದ ಕೆಲಸದವರನ್ನು ಕೇಳಿ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಕೊಲ್ಲಾಪುರಿ ಚಪ್ಪಲಿ ಹೊಲಿಯುವ ಜಿಲ್ಲೆಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಇವೆ, ಕೈ ಪಳಗಿದವರಿಗೆ ಕೊರತೆ ಇಲ್ಲ. ಎಲ್ಲಿ ಕಡಿಮೆ, ಎಲ್ಲಿ ಜಾಸ್ತಿ ಅಂತ ಸೀಮೆಸುಣ್ಣದಲ್ಲಿ ನೀವೇ ಗುರುತು ಹಾಕಿ ಕೊಡಿ. ಮುರಿದ ಚೌಕಟ್ಟನ್ನು ಮಾತ್ರ ಹೊಲಿಸಲು ಹೋಗಬೇಡಿ.

ಈಗಾಗಲೇ ಬೆನ್ನು ಹುಣ್ಣಾಗಿದ್ದರೆ ಜೀನು ಬಂದ್. ಅರ್ಧ ದಿನಕ್ಕೂ ಇಲ್ಲ. ಕಾಯಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ತೊಳೆಯಿರಿ, ನೊಣ ಕೂರದ ಹಾಗೆ ನೋಡಿಕೊಳ್ಳಿ, ಗ್ಯಾರೇಜಿನ ಕರಿ ಎಣ್ಣೆ ಬಳಿಯಬೇಡಿ. ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ, ಆದ್ದರಿಂದ ಚುಚ್ಚುಮದ್ದಿನ ವಿಷಯ ವೈದ್ಯರನ್ನು ಅವತ್ತೇ ಕೇಳಿ. ಹುಣ್ಣು ಮಾಯ್ದರೆ ಸಾಲದು, ಕೂದಲು ಬರಬೇಕು, ಒತ್ತಿದರೆ ಅದುರಬಾರದು. ಮಲ್ಲಿಗೆ ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಸಂಜೆ ಹಗ್ಗ ಹಿಡಿದು ಹೊಲದ ದಾರಿಯಲ್ಲಿ ಸುಮ್ನೆ ನಡೆಸಿದೆ. ಆಮೇಲೆ ಮೊದಲ ವಾರ ಬರೀ ಜೀನು, ಮುಂದಿನ ವಾರ ಮಗಳನ್ನು ಕೂರಿಸಿ ಹದಿನೈದು ನಿಮಿಷ. ಎರಡು ಚುಕ್ಕೆ ಬಿಳಿ ಕೂದಲು ಹಾಗೇ ಉಳಿದಿವೆ. ತಂಗು ಬಿಗಿಯುವಾಗ ಈಗ ಅವಳು ತಿರುಗಿ ನೋಡುವುದಿಲ್ಲ, ಮೇವು ಮೆಲ್ಲುತ್ತಾ ನಿಂತಿರುತ್ತಾಳೆ.