ಮೂರನೇ ದಿನಕ್ಕೇ ಪಟ್ಟಿ ತೆಗೆದೆ: ಕೀಹೋಲ್ ಗಾಯಗಳ ಜೊತೆ ನನ್ನ ಅನುಭವ

ಹೋದ ಆಟಿ ತಿಂಗಳಲ್ಲಿ ಕದ್ರಿ ಕಡೆಯ ಒಂದು ಮನೆ. ಸೊಸೆಗೆ ಕೀಹೋಲ್ ಆಪರೇಷನ್ನಿನಲ್ಲಿ, ಅಂದರೆ ಹೊಕ್ಕುಳೂ ಸೇರಿ ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತು ಮಾಡಿ, ಪಿತ್ತಕೋಶ ತೆಗೆದು ಮೂರನೇ ದಿನ. ನಾಲ್ಕೂ ಪಟ್ಟಿ ಬಿಡಿಸಿ, "ಹೋಗಿ ಸ್ನಾನ ಮಾಡಿ ಬನ್ನಿ" ಎಂದೆ. ಅತ್ತೆ ಬಚ್ಚಲಿಗೆ ಅಡ್ಡ ನಿಂತರು. "ನೀರು ಸೋಕಿದ್ರೆ ಕೀವಾಗ್ತದೆ ಮಾರಾಯ್ತಿ, ನೀನು ನರ್ಸ್ ಹೌದಾ ಅಲ್ವಾ?" ವಾರ್ಡಿನಲ್ಲಿ ನನ್ನ ಜೊತೆಗಿದ್ದ ಹಿರಿಯ ಸಿಸ್ಟರ್ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಹತ್ತನೇ ದಿನ ಹೋದಾಗ ನಾಲ್ಕೂ ಒಣಗಿ ಗೆರೆಯಾಗಿದ್ದವು. ಅತ್ತೆ ಮಾತಾಡಲಿಲ್ಲ, ನೀರುದೋಸೆ ಹಾಕಿ ಕೊಟ್ಟರು.

ಮನೆಮನೆಗೆ ಹೋಗಿ ಇಂಥ ಗಾಯ ನೋಡುವ ಕೆಲಸ ನನ್ನದು. ಮೊದಲು ನಾನೂ ಎಲ್ಲರ ಹಾಗೇ ಇದ್ದೆ. ದಿನಾ ಹೋಗುವುದು, ಅಯೋಡಿನ್ ಒರೆಸುವುದು, ಪೌಡರ್ ಉದುರಿಸುವುದು, ಮೇಲೆ ವಾಟರ್‌ಪ್ರೂಫ್ ಪ್ಲಾಸ್ಟರ್. ಮಂಗಳೂರಿನ ಜುಲೈಯಲ್ಲಿ ಅದರ ಗತಿ ಏನೆಂದು ನಿಮಗೆ ಗೊತ್ತು. ಎತ್ತಿ ನೋಡಿದರೆ ಚರ್ಮ ದಿನವಿಡೀ ಬಟ್ಟೆ ಒಗೆದ ಬೆರಳಿನ ಹಾಗೆ ಬಿಳಿಚಿ ಸುಕ್ಕಾಗಿರುತ್ತಿತ್ತು. ಅಂಟು ಹಿಡಿದ ಅಂಚಿನಲ್ಲಿ ಸಾಲು ಗುಳ್ಳೆ. ಪೌಡರು ರಕ್ತದ ಜೊತೆ ಸೇರಿ ಗಟ್ಟಿ ಹಕ್ಕಳೆಯಾಗಿ, ಅದರಡಿ ನೀರು. ಪ್ಲಾಸ್ಟರ್ ಒಂದಕ್ಕೆ ಅರವತ್ತೋ ಎಪ್ಪತ್ತೋ, ದಿನಕ್ಕೆ ನಾಲ್ಕು, ನನ್ನ ಮುನ್ನೂರು ಬೇರೆ. ಹತ್ತು ದಿನಕ್ಕೆ ಐದೂವರೆ ಸಾವಿರ ಸುರಿದರೂ ಹೊಕ್ಕುಳ ಹಸಿ! ಐದರಲ್ಲಿ ಒಬ್ಬರಿಗಾದರೂ ಹೀಗಾಗುತ್ತಿತ್ತು.

ಈಗ ಮಾಡುವುದು ಇಷ್ಟೇ. ಮೊದಲು ಸರ್ಜನ್ ಹತ್ತಿರ ಕೇಳಿಕೊಳ್ಳುತ್ತೇನೆ. ಎರಡು ದಿನ ಯಾರೂ ಮುಟ್ಟಬಾರದು, ಅಷ್ಟರೊಳಗೆ ಅಂಚು ಕೂಡಿರುತ್ತದೆ. ಮೂರನೇ ದಿನ ಪಟ್ಟಿ ಬಿಡಿಸಿ, ಮಾಮೂಲಿ ಸೋಪಿನ ನೊರೆ, ಮೇಲಿಂದ ಚೆಂಬಿನಲ್ಲಿ ನೀರು. ಉಜ್ಜುವುದಿಲ್ಲ. ಕೆರೆ, ಹೊಳೆ, ಟಬ್ಬು ಸದ್ಯಕ್ಕೆ ಬೇಡ. ಗಾಯದ ಬಾಯಿ ಕೂಡಿಸಲು ಸರ್ಜನ್ ಗ್ಲೂ (ಅಂಟು) ಹಾಕಿದ್ದರೆ ಮುಲಾಮು ಹಚ್ಚಲೇಬೇಡಿ, ಗ್ಲೂ ಬಿಟ್ಟುಕೊಳ್ಳುತ್ತದೆ.

ಕಷ್ಟ ಇರುವುದು ಒಣಗಿಸುವುದರಲ್ಲಿ. ಮಳೆಗಾಲದಲ್ಲಿ ಬೈರಾಸು ಒಣಗುವುದೇ ಇಲ್ಲ, ಮುಗ್ಗಲು ವಾಸನೆ. ಅದರಲ್ಲೇ ಒರೆಸಿಕೊಂಡರೆ ಸ್ನಾನ ಮಾಡಿ ಏನು ಬಂತು? ಹಳೇ ಹತ್ತಿ ಬೈರಾಸನ್ನು ನಾಲ್ಕು ತುಂಡು ಮಾಡಿ, ಒಗೆದು, ಪ್ರತಿ ತುಂಡಿಗೂ ಬಿಸಿ ಇಸ್ತ್ರಿ ಹಾಕಿಸುತ್ತೇನೆ. ದಿನಕ್ಕೊಂದು. ಒತ್ತಿ ತೆಗೆಯುವುದು, ಎಳೆಯುವುದಲ್ಲ. ಹೊಕ್ಕುಳಿಗೆ ಗಾಜ್ ಬತ್ತಿ ಹೊಸೆದು ಎರಡು ನಿಮಿಷ ಇಟ್ಟು ತೆಗೆಯುತ್ತೇನೆ. ಆಳ ಹೊಕ್ಕುಳಿನವರಿಗೆ ಬೇರೊಂದು ಉಪಾಯ ಉಂಟು. ಅದು ಬರೆದರೆ ತಿಳಿಯುವುದಿಲ್ಲ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹೇರ್ ಡ್ರೈಯರಿನ ತಣ್ಣಗಿನ ಗಾಳಿಯನ್ನೂ ನೋಡಿದೆ. ಗಾಳಿಮಳೆಗೆ ಕರೆಂಟೇ ಇರುವುದಿಲ್ಲ, ಬಿಟ್ಟೆ.

ಇನ್ನೊಂದು, ಲಂಗದ ಲಾಡಿ ಮತ್ತು ಲುಂಗಿಯ ಗಂಟು. ಎರಡೂ ಸರಿಯಾಗಿ ಹೊಕ್ಕುಳ ಗಾಯದ ಮೇಲೇ ಬಂದು ಕೂರುತ್ತವೆ. ಹೆಂಗಸರಿಗೆ ಎರಡು ವಾರ ನೈಟಿ. ಗಂಡಸರನ್ನು ಒಪ್ಪಿಸುವುದೇ ದೊಡ್ಡ ಕೆಲಸ.

ಸುತ್ತ ಕೆಂಪಾಗಿದ್ದರೆ ಬಾಲ್‌ಪೆನ್ನಿನಲ್ಲಿ ಅದರ ಗಡಿ ಎಳೆದು ಪಕ್ಕದಲ್ಲಿ ಹೊತ್ತು ಬರೆಯುತ್ತೇನೆ. ಮರುದಿನ ಕೆಂಪು ಗೆರೆ ದಾಟಿದ್ದರೆ, ಇಲ್ಲ ಜ್ವರ ಬಂದರೆ, ನೇರ ಡಾಕ್ಟರ ಹತ್ತಿರ. ಸಕ್ಕರೆ ಕಾಯಿಲೆಯವರಾದರೆ ಮರುದಿನದವರೆಗೂ ಕಾಯುವುದಿಲ್ಲ.

ನಂಜಿನ ವಿಷಯಕ್ಕೆ ಬರೋಣ. ಬಂಗುಡೆ ನಂಜು, ಬದನೆ ನಂಜು, ಮೊಟ್ಟೆ ನಂಜು, ತಿಂದರೆ ಗಾಯ ಕೆಡುತ್ತದೆ ಎಂಬ ನಂಬಿಕೆ. ಪಾಪ, ಮೂರು ವಾರ ಗಂಜಿ ಉಪ್ಪಿನಕಾಯಿ ತಿಂದು ಸೊರಗಿರುತ್ತಾರೆ. ಗಾಯ ಕೂಡಲು ಪ್ರೋಟೀನ್ ಬೇಡವಾ? ಸುಮಾರು ಇಪ್ಪತ್ತು ಮಂದಿಗೆ ಎಣ್ಣೆ ಖಾರ ಕಮ್ಮಿ ಮಾಡಿ ಮೀನು ತಿನ್ನಿ ಎಂದೆ. ಒಬ್ಬರ ಗಾಯವೂ ಕೆಡಲಿಲ್ಲ. ನನ್ನ ತಾಯಿ ಮಾತ್ರ ಇವತ್ತಿಗೂ ನಂಬಿಲ್ಲ.

ನಷ್ಟ ಆದದ್ದು ನನಗೆ. ಹತ್ತು ಸಲ ಹೋಗುತ್ತಿದ್ದ ಮನೆಗೆ ಈಗ ಮೂರೇ ಸಲ. ಮೊದಲ ಎರಡು ತಿಂಗಳು ಸ್ಕೂಟರಿನ ಪೆಟ್ರೋಲಿಗೂ ಕಷ್ಟವಾಯಿತು. ಆಮೇಲೆ ಬಾಯಿಂದ ಬಾಯಿಗೆ ಹರಡಿ ಕೇಸುಗಳು ಜಾಸ್ತಿಯಾದವು. ಎರಡು ವರ್ಷದಲ್ಲಿ ಅರವತ್ತರ ಮೇಲಾಗಿರಬೇಕು. ತೊಂದರೆಯಾದದ್ದು ನಾಲ್ಕು ಜನಕ್ಕೆ.

ಆ ನಾಲ್ಕರಲ್ಲಿ ಒಂದು ಇನ್ನೂ ಕಾಡುತ್ತದೆ. ಹದಿನೈದು ದಿನಕ್ಕೇ ಚೆಂದ ಒಣಗಿದ್ದ ಗಾಯ. ಐದನೇ ವಾರ ಹೊಕ್ಕುಳ ಬದಿಯಲ್ಲಿ ಸಣ್ಣ ಗಂಟಾಗಿ, ತೆಳ್ಳಗೆ ನೀರು ಬರತೊಡಗಿತು. ನೋವು ಜ್ವರ ಏನಿಲ್ಲ. ಹೊಲಿಗೆಯ ದಾರ ಹೊರಬರುತ್ತಿರಬೇಕು ಎಂದು ಹತ್ತು ದಿನ ಸುಮ್ನೆ ಮುಲಾಮು ಹಚ್ಚಿದೆ. ತಪ್ಪು ನನ್ನದೇ. ಸರ್ಜನ್ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಷಯದ ರೋಗಾಣುವಿನ ದಾಯಾದಿ, ನೀರಿನಲ್ಲಿ ಇರುವಂಥದ್ದು. ಉಪಕರಣ ಸರಿಯಾಗಿ ಸ್ಟೆರಿಲೈಜ್ ಆಗದಿದ್ದರೆ ಒಳಗೆ ಹೋಗುತ್ತದೆ, ಮಾಮೂಲಿ ಆ್ಯಂಟಿಬಯೋಟಿಕ್ಕಿಗೆ ಜಗ್ಗುವುದಿಲ್ಲ. ಆಪರೇಷನ್ ಎಲ್ಲಿ ಆದದ್ದು ಎಂದು ಇಲ್ಲಿ ಬೇಡ. ಆ ರೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗಿದರು. ಅಂದಿನಿಂದ ಪ್ರತಿಯೊಬ್ಬರಿಗೂ ಆಪರೇಷನ್ ಆದ ಐದನೇ ವಾರ ನಾನೇ ಫೋನ್ ಮಾಡಿ ಹೊಕ್ಕುಳಿನ ಫೋಟೋ ಕೇಳುತ್ತೇನೆ. "ಎಂಥ ಸಿಸ್ಟರ್, ಇನ್ನೂ ಬಿಡಲಿಲ್ವಾ?" ಎಂದು ನಗುತ್ತಾರೆ. ಕಳಿಸುತ್ತಾರೆ.