ಹದ್ದನ್ನು ಹುಡುಕಬೇಡಿ, ನಾಮದ ಕೋಳಿಯತ್ತ ನೋಡಿ

ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡುಬು ಉಂಡು ಬದುವಿನ ಮೇಲೆ ಕುಳಿತಾಗ ಬಿಳಿಜೋಳದ ಮೇಲೆ ಒಂದು ಹಕ್ಕಿ ತೇಲಿ ಹೋಗುವುದನ್ನು ನೀವೂ ಕಂಡಿರಬಹುದು. ರೆಕ್ಕೆ ಬಡಿತ ಕಡಿಮೆ, ತೆನೆಗೆ ತಾಕೀತೇನೋ ಎನ್ನುವಷ್ಟು ಕೆಳಗೆ ಹಾರಾಟ. ‘ಹದ್ದು’ ಎಂದು ನಾವು ಸುಮ್ಮನಾಗುತ್ತೇವೆ. ಅದು ಊರ ಹದ್ದಲ್ಲ. ಕಜಕಿಸ್ತಾನದಂಥ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಹುಟ್ಟಿ, ಚಳಿಗಾಲ ಕಳೆಯಲು ನಮ್ಮ ಎರೆಭೂಮಿಗೆ ಬರುವ ಸೆಳೆವ. ಹ್ಯಾರಿಯರ್ ಎಂದರೂ ಇದೇ.

ಸೆಳೆವ, ಗಿಡುಗ, ಡೇಗೆಗಳಂಥ ಬೇಟೆಹಕ್ಕಿಗಳನ್ನೂ ದೂರದೇಶದ ಬಾತುಗಳನ್ನೂ ಒಂದೇ ಕಡೆ ನೋಡಬೇಕೆಂದರೆ ಕೆರೆಯ ದಂಡೆಯೇ ಸರಿ. ಅದಕ್ಕಾಗಿ ಬೆಂಗಳೂರಿಗೋ ರಂಗನತಿಟ್ಟಿಗೋ ಓಡಬೇಕಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಸುರಪುರದ ಬಳಿ ಬೋನಾಳ ಪಕ್ಷಿಧಾಮವಿದೆ, ಸುರಪುರದ ನಾಯಕ ಅರಸರ ಕಾಲದ ಕೆರೆ. ಬೀದರಿನವರಿಗೆ ಕಾರಂಜಾ ಜಲಾಶಯದ ಹಿನ್ನೀರು. ಕಲಬುರಗಿಯವರಿಗೆ ಚಿಂಚೋಳಿ ವನ್ಯಜೀವಿಧಾಮದ ಚಂದ್ರಂಪಳ್ಳಿ. ಅಷ್ಟು ದೂರ ಆಗದವರು ಊರ ಕೆರೆಯಿಂದಲೇ ಶುರು ಮಾಡಬಹುದು. ಬೋನಾಳವನ್ನು ಮನಸ್ಸಿನಲ್ಲಿಟ್ಟು ನಾನು ಬರೆಯುತ್ತಿದ್ದೇನೆ, ನೀವು ನಿಮ್ಮ ಕೆರೆಗೆ ಹೊಂದಿಸಿಕೊಳ್ಳಿ.

ಮೊದಲು, ತಿಂಗಳು ನೋಡಿಕೊಳ್ಳಿ

ಆಗಸ್ಟ್ ಕೊನೆಗೇ ಪುಟ್ಟ ಗದ್ದೆಗೊರವಗಳು, ಅವುಗಳ ಬೆನ್ನಿಗೆ ಬಾಲ ಕುಣಿಸುವ ಸಿಪಿಲೆಗಳು ಬಂದಿಳಿಯುತ್ತವೆ. ದಸರೆಯ ಹೊತ್ತಿಗೆ ಜೌಗು ಸೆಳೆವ ಮತ್ತು ಮೊದಲ ಬಾತುಗಳು. ನವೆಂಬರಿನಲ್ಲಿ ಅದೃಷ್ಟವಿದ್ದರೆ ಅಮುರ್ ಫಾಲ್ಕನ್: ಪಾರಿವಾಳದಷ್ಟೇ ಗಾತ್ರದ ಈ ಡೇಗೆ ಈಶಾನ್ಯ ಚೀನಾ, ರಷ್ಯಾದ ಕಡೆಯಿಂದ ಹೊರಟು ನಾಗಾಲ್ಯಾಂಡಿನಲ್ಲಿ ತಂಗಿ, ನಮ್ಮ ತಲೆಯ ಮೇಲಿಂದ ಹಾದು ಅರಬ್ಬಿ ಸಮುದ್ರ ದಾಟಿ ದಕ್ಷಿಣ ಆಫ್ರಿಕಾದತ್ತ ಹೋಗುತ್ತದೆ. ನಮ್ಮಲ್ಲಿ ನಿಲ್ಲುವುದು ಒಂದೆರಡು ದಿನ ಅಷ್ಟೆ. ಡಿಸೆಂಬರ್, ಜನವರಿ ಭರ್ತಿ ಕಾಲ. ಶಿವರಾತ್ರಿ ಕಳೆದು ಬಿಸಿಲು ಏರಿದಂತೆ ಒಂದೊಂದೇ ಗುಂಪು ಹೊರಡುತ್ತದೆ.

ಮಳೆ ಚೆನ್ನಾದ ವರ್ಷ ಎಲ್ಲ ಕೆರೆಗಳೂ ತುಂಬಿ ಬಾತುಗಳು ಚದುರಿ ಹೋಗುತ್ತವೆ. ನೀರು ಇಳಿದು ಅಂಚಿನಲ್ಲಿ ಕೆಸರು ಕಾಣತೊಡಗಿದಾಗ ಹಕ್ಕಿಗಳು ಒತ್ತೊತ್ತಾಗಿ ಸೇರುತ್ತವೆ. ಕಾರಂಜಾಕ್ಕೆ ಹೋಗುವವರು ಇದನ್ನು ನೆನಪಿಡಿ.

ದುರ್ಬೀನು

ಖರೀದಿಸುವುದಾದರೆ 8×42 ತೆಗೆದುಕೊಳ್ಳಿ. 8 ಎಂದರೆ ವಸ್ತು ಎಂಟು ಪಟ್ಟು ಹತ್ತಿರ ಕಾಣುತ್ತದೆ. 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯಲ್ಲಿ ‘ಇಪ್ಪತ್ತು ಪಟ್ಟು ಕಾಣ್ತದ’ ಎಂದು ತೋರಿಸುವ ಮಾಲಿಗೆ ಮರುಳಾಗಬೇಡಿ. ಪಟ್ಟು ಹೆಚ್ಚಿದಷ್ಟೂ ಕೈನಡುಕ ಹೆಚ್ಚು ಕಾಣುತ್ತದೆ, ನೋಟದ ಹರವು ಕಿರಿದಾಗುತ್ತದೆ. ಹಾರುವ ಹಕ್ಕಿ ಆ ಸಣ್ಣ ಕಿಂಡಿಯೊಳಗೆ ಸಿಗುವುದೇ ಇಲ್ಲ.

ಕೆರೆಗೆ ಹೋಗುವ ಮೊದಲು ಮನೆಯ ಮಾಳಿಗೆಯ ಮೇಲೆ ಅಭ್ಯಾಸ ಮಾಡಿ. ದೂರದ ಬೋರ್ಡೊಂದನ್ನು ಆರಿಸಿ, ಬಲಗಣ್ಣು ಮುಚ್ಚಿ ನಡುವಿನ ಗಾಲಿ ತಿರುಗಿಸುತ್ತ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಣ್ಣಿನ ಬಳಿಯ ಬಳೆಯನ್ನು ಮಾತ್ರ ತಿರುಗಿಸಿ ಸರಿಪಡಿಸಿ. ಇದನ್ನು ಮಾಡದೆ ವರ್ಷಗಟ್ಟಲೆ ಮಸುಕಾಗಿ ನೋಡಿಕೊಂಡೇ ಇರುವವರಿದ್ದಾರೆ. ಚಷ್ಮಾ ಹಾಕುವವರು ಕಣ್ಣಿನ ಬಳಿಯ ರಬ್ಬರನ್ನು ಒಳಗೆ ಮಡಚಿಕೊಳ್ಳಬೇಕು. ಇನ್ನೊಂದು ಮಾತು: ದುರ್ಬೀನಿನೊಳಗಿಂದ ಹಕ್ಕಿಯನ್ನು ಹುಡುಕಬೇಡಿ. ಬರಿಗಣ್ಣನ್ನು ಹಕ್ಕಿಯ ಮೇಲೆ ನೆಟ್ಟು, ನೋಟ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ಮೂರು ದಿನ ನಿಮ್ಮ ಓಣಿಯ ಪಾರಿವಾಳಗಳ ಮೇಲೆ ಮಾಡಿದರೆ ಕೈ ಕೂರುತ್ತದೆ.

ಎಲ್ಲಿ ಕೂರಬೇಕು

ಕಲಬುರಗಿಯಿಂದ ಜೇವರ್ಗಿ, ಶಹಾಪುರ ಮಾರ್ಗವಾಗಿ ಸುರಪುರಕ್ಕೆ ಬಸ್ಸುಗಳಿವೆ. ಆದರೆ ಸೂರ್ಯ ಹುಟ್ಟುವ ಮುಂಚೆ ಕೆರೆಯ ಮೇಲಿರಬೇಕಾದರೆ ಹಿಂದಿನ ರಾತ್ರಿ ಸುರಪುರದಲ್ಲೇ ಉಳಿಯುವುದು ಮೇಲು.

ಬೆಳಿಗ್ಗೆ ಕೆರೆಯ ಮೂಡಣ ದಂಡೆಯಲ್ಲಿ ಕುಳಿತು ಪಡುವಣಕ್ಕೆ ಮುಖ ಮಾಡಿ. ಬೆಳಕು ಬೆನ್ನಿಗಿದ್ದರೆ ಬಣ್ಣ ಕಾಣುತ್ತದೆ, ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕರಿಯದೇ. ಏರಿಯ ನೆತ್ತಿಯ ಮೇಲೆ ನಿಲ್ಲಬೇಡಿ. ಆಕಾಶದ ಎದುರು ನಿಮ್ಮ ಆಕಾರ ಎದ್ದು ಕಾಣುತ್ತದೆ, ಬಾತುಗಳು ಆಚೆ ದಡಕ್ಕೆ ಸರಿಯುತ್ತವೆ. ಎಮ್ಮೆ ಕಾಯುವ ಹುಡುಗ ನೀರಿಗಿಳಿದರೂ ಕದಲದ ಹಕ್ಕಿ ನಮ್ಮನ್ನು ಕಂಡರೆ ಹಾರುವುದು ಏಕೆ ಗೊತ್ತೇ? ಅವನನ್ನು ಅವು ದಿನವೂ ನೋಡುತ್ತವೆ. ನಾವು ಬಿಳಿ ಅಂಗಿ ತೊಟ್ಟು, ನೇರ ಅವುಗಳತ್ತಲೇ ನಡೆದುಹೋಗುತ್ತೇವೆ. ಮಾಸಲು ಬಣ್ಣದ ಬಟ್ಟೆ ಹಾಕಿ, ಓರೆಯಾಗಿ ನಡೆದು, ಜಾಲಿ ಕಂಟಿಯ ಮರೆಯಲ್ಲಿ ಕೂತುಬಿಡಿ. ಅರ್ಧ ಗಂಟೆ ಕದಲಬೇಡಿ. ಆ ಅರ್ಧ ಗಂಟೆ ಕೊಟ್ಟವರಿಗೆ ಕೆರೆ ಬೇರೆಯೇ ಕಾಣುತ್ತದೆ.

ನೀರು ಓದುವುದು

ಈ ಲೇಖನ ಬರೆಯಲು ಕಾರಣವೇ ಈ ಭಾಗ. ಮೊದಲ ಚಳಿಗಾಲ ನಾನು ಬೋನಾಳಕ್ಕೆ ಮೂರು ಸಲ ಹೋಗಿ ಮೂರೂ ಸಲ ಆಕಾಶವನ್ನೇ ಜಾಲಾಡಿದ್ದೆ. ಕುತ್ತಿಗೆ ನೋವು ಬಂತೇ ವಿನಾ ಬೇಟೆಹಕ್ಕಿ ಕಾಣಲಿಲ್ಲ. ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ: “ಕಾಕಾ, ಇಲ್ಲಿ ಹದ್ದು ಬರಂಗಿಲ್ಲೇನ್ರಿ?”

“ದಿನಾ ಬರ್ತಾವ ತಮ್ಮಾ. ನೀ ಮ್ಯಾಲ ಯಾಕ ನೋಡ್ತಿ? ನೀರಾಗಿನ ಕೋಳಿ ಕಡಿ ನೋಡು. ಅವಕ್ಕ ನಿನಗಿಂತ ಮೊದಲ ಗೊತ್ತಾಗ್ತದ.”

ಅವತ್ತಿನಿಂದ ನಾನು ನೋಡುವ ರೀತಿಯೇ ಬದಲಾಯಿತು. ಹಣೆಯ ಮೇಲೆ ಬಿಳಿ ನಾಮ ಹೊತ್ತ ಕಪ್ಪು ನಾಮದ ಕೋಳಿಗಳು ಸಾಮಾನ್ಯವಾಗಿ ಕೆರೆಯ ತುಂಬ ಹರಡಿಕೊಂಡು ಮೇಯುತ್ತಿರುತ್ತವೆ. ಅವು ಒಮ್ಮೆಲೇ ಒತ್ತಾಗಿ ಒಂದೇ ಗುಂಪಾದವೆಂದರೆ ಮೇಲೆ ಬೇಟೆಗಾರ ಬಂದ ಎಂದರ್ಥ. ಹಕ್ಕಿಗಳು ಹೇಗೆ ಹೆದರುತ್ತವೆ ಎಂಬುದರ ಮೇಲೆ ಬಂದವರು ಯಾರೆಂದೂ ಊಹಿಸಬಹುದು.

ಜೊಂಡಿನ ಅಂಚಿನಿಂದ ಬಾತುಗಳು ಸಾಲುಸಾಲಾಗಿ ಎದ್ದು, ಸ್ವಲ್ಪ ದೂರ ಹಾರಿ ಮತ್ತೆ ಇಳಿಯುತ್ತಿದ್ದರೆ ಜೌಗು ಸೆಳೆವ ಬಂದಿದೆ. ಜೊಂಡಿನ ಮೇಲೆ ಆಳೆತ್ತರದಲ್ಲಿ, ರೆಕ್ಕೆಗಳನ್ನು ಬಿಚ್ಚಿಟ್ಟ ಪುಸ್ತಕದಂತೆ ಮೇಲಕ್ಕೆ ಹಿಡಿದು ತೇಲುತ್ತದೆ. ಹೆಣ್ಣು ಗಾಢ ಕಂದು, ತಲೆ ಮಾತ್ರ ಕೆನೆಬಣ್ಣ. ಗಂಡಿನ ರೆಕ್ಕೆಯಲ್ಲಿ ಬೂದು, ತುದಿಯಲ್ಲಿ ಕಪ್ಪು.

ಕೆಸರಿನಲ್ಲಿ ಮೇಯುತ್ತಿದ್ದ ಗೊರವಗಳು ಒಂದೇ ಉಸಿರಿಗೆ ಎದ್ದು ಉಂಡೆಯಂತೆ ಒತ್ತಾಗಿ ಹೊರಳಾಡಿದರೆ, ಬಾತುಗಳು ಮಾತ್ರ ನೀರು ಬಿಟ್ಟೇಳದಿದ್ದರೆ, ಪೆರೆಗ್ರಿನ್ ಫಾಲ್ಕನ್ ಇದ್ದೀತು. ಅದು ಹಾರುವ ಹಕ್ಕಿಯನ್ನೇ ಹೊಡೆಯುತ್ತದೆ, ಎರಗುವಾಗ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗ. ನೀರಿನ ಮೇಲೆ ಕುಳಿತಿರುವುದೇ ಕ್ಷೇಮ ಎಂಬುದು ಬಾತಿಗೆ ಗೊತ್ತು.

ದೊಡ್ಡ ಹಕ್ಕಿಯೊಂದು ಕೆರೆಯ ಮಧ್ಯದ ಮೇಲೆಯೇ ಸುತ್ತುತ್ತಿದೆ, ಬಾತುಗಳು ಅಷ್ಟಾಗಿ ತಲೆ ಕೆಡಿಸಿಕೊಂಡಿಲ್ಲ ಎಂದರೆ ಅದು ಬಹುಮಟ್ಟಿಗೆ ಆಸ್ಪ್ರೆ, ಮೀನು ಹಿಡಿಯುವ ಬೇಟೆಹಕ್ಕಿ. ಹೊಟ್ಟೆ ಬಿಳಿ, ಕಣ್ಣಿನ ಮೇಲಿಂದ ಹಾದ ಕಪ್ಪು ಪಟ್ಟಿ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕಾಲು ಮುಂದೆ ಚಾಚಿ ನೀರಿಗೆ ಬೀಳುತ್ತದೆ. ಜಾರುವ ಮೀನನ್ನು ಹಿಡಿಯಲು ಅಂಗಾಲಿನಲ್ಲಿ ಮುಳ್ಳುಮುಳ್ಳಾದ ಚರ್ಮವಿದೆ, ಹೊರಬೆರಳನ್ನು ಹಿಂದಕ್ಕೆ ತಿರುಗಿಸಬಲ್ಲದು. ಮೇಲೆದ್ದ ಮೇಲೆ ಮೀನಿನ ತಲೆಯನ್ನು ಮುಂದಕ್ಕೆ ಮಾಡಿಕೊಂಡು ಒಯ್ಯುವುದನ್ನು ಗಮನಿಸಿ, ಗಾಳಿಯ ತಡೆ ಕಡಿಮೆಯಾಗಲೆಂದು.

ಬೆಳ್ಳನೆಯ ತಲೆ, ಇಟ್ಟಿಗೆ ಬಣ್ಣದ ಮೈಯ ಗರುಡವನ್ನು ಹೇಳಿಕೊಡಬೇಕಿಲ್ಲ. ಅದನ್ನು ಕಂಡು ಕೈಮುಗಿಯುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ.

ಆಕಾಶಕ್ಕೆ ಯಾವಾಗ ನೋಡಬೇಕು

ಒಂಬತ್ತು ಗಂಟೆಯ ನಂತರ. ನೆಲ ಕಾದು ಬಿಸಿಗಾಳಿ ಮೇಲೇಳತೊಡಗಿದಾಗ ಅಗಲ ರೆಕ್ಕೆಯ ದೊಡ್ಡ ಹಕ್ಕಿಗಳು ಅದರ ಮೇಲೆ ಸವಾರಿ ಮಾಡುತ್ತ ಸುತ್ತುಸುತ್ತಾಗಿ ಏರುತ್ತವೆ. ಬಾತು ನೋಡಲು ನಸುಕು, ಗಿಡುಗ ನೋಡಲು ಬಿಸಿಲು.

ಎತ್ತರದಲ್ಲಿರುವ ಹಕ್ಕಿಯ ಬಣ್ಣವನ್ನು ನಂಬಬೇಡಿ. ಮೊದಲು ಬಾಲ ನೋಡಿ: ಕವಲೊಡೆದಿದ್ದರೆ ಊರಿನ ಕರಿಹದ್ದು, ದುಂಡಗಿದ್ದರೆ ಗರುಡ. ಆಮೇಲೆ ರೆಕ್ಕೆ: ಚೂಪಾಗಿ ಕುಡುಗೋಲಿನಂತಿದ್ದರೆ ಡೇಗೆ, ಹಲಗೆಯಂತೆ ಅಗಲವಾಗಿ, ತುದಿಯಲ್ಲಿ ಬೆರಳು ಬಿಡಿಸಿದಂತಿದ್ದರೆ ಗಿಡುಗ. ಆಮೇಲೆ ಹಾರಾಟ. ಹೊಲದ ಮೇಲೆ ದಪ್ಪ ತಲೆಯ ಬೆಳ್ಳನೆ ಹೊಟ್ಟೆಯ ದೊಡ್ಡ ಹಕ್ಕಿ ನಿಂತಲ್ಲೇ ತೇಲುತ್ತಿದ್ದರೆ ಹಾವು ಹಿಡಿಯುವ ಗಿಡುಗ. ಅದೇ ಕೆಲಸವನ್ನು ಸಣ್ಣ ಬಿಳಿಬೂದು ಹಕ್ಕಿ ಮಾಡುತ್ತಿದ್ದರೆ ಇಲಿ ಹಿಡಿಯುವ ರಾಮದಾಸ ಹದ್ದು. ಇವೆರಡೂ ವಲಸೆ ಬಂದವಲ್ಲ, ಇಲ್ಲಿನವೇ. ಬಣ್ಣ ಕೊನೆಗೆ.

ಪಟ್ಟೆತಲೆ ಹೆಬ್ಬಾತು

ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಹಿಮಾಲಯ ದಾಟಿ ಬರುವ ಹಕ್ಕಿ. ಮೈಗೆ ಯಂತ್ರ ಕಟ್ಟಿ ಅಳೆದಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ರಾತ್ರಿ, ನಸುಕಿನಲ್ಲಿ ಹೊಲಗಳಲ್ಲಿ ಮೇದು ಹಗಲು ನೀರಿನಲ್ಲಿ ದಣಿವಾರಿಸಿಕೊಳ್ಳುತ್ತದೆ. ಕೊರಳಲ್ಲಿ ಬಣ್ಣದ ಪಟ್ಟಿ ಇದ್ದರೆ ಅದರ ಮೇಲಿನ ಅಕ್ಷರ, ಸಂಖ್ಯೆಗಳನ್ನು ಬರೆದುಕೊಳ್ಳಿ. ವಿಜ್ಞಾನಿಗಳು ಹಾಕಿದ ಗುರುತು ಅದು, ಹಕ್ಕಿ ಎಲ್ಲಿಂದ ಹೊರಟಿತೆಂದು ಅದರಿಂದ ತಿಳಿಯುತ್ತದೆ.

ಹೊಲದಲ್ಲಿ ಇಳಿದ ಹೆಬ್ಬಾತುಗಳನ್ನು ಫೋಟೊಕ್ಕಾಗಿ ಎಬ್ಬಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪ್ರತಿ ಸಲ ಎದ್ದಾಗಲೂ ಅದು ಮರಳಿ ಹೋಗಲು ಕೂಡಿಟ್ಟ ಕೊಬ್ಬನ್ನೇ ಖರ್ಚು ಮಾಡುತ್ತದೆ. ಡ್ರೋನ್ ಹಾರಿಸಬೇಡಿ. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯಬೇಡಿ. ಯಾರಾದರೂ ಉರುಳು, ಬಂದೂಕು ಹಿಡಿದು ಬಂದದ್ದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಬರೆದಿಡುವುದು

ದಿನಾಂಕ, ವೇಳೆ, ನೀರಿನ ಮಟ್ಟ, ಹಕ್ಕಿ, ಎಷ್ಟು. ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸಲಾಗದು. ಹತ್ತು ಹಕ್ಕಿ ಎಣಿಸಿ ಅವು ಹಿಡಿಯುವ ಜಾಗ ಎಷ್ಟೆಂದು ಕಣ್ಣಲ್ಲಿ ಅಳೆದು, ಅಂಥ ಎಷ್ಟು ಜಾಗ ಇದೆಯೆಂದು ಲೆಕ್ಕ ಹಾಕಿ. ಇ-ಬರ್ಡ್ ಆ್ಯಪಿನಲ್ಲಿ ಸೇರಿಸಿದರೆ ನಿಮ್ಮ ಎಣಿಕೆ ಎಲ್ಲರ ಉಪಯೋಗಕ್ಕೆ ಬರುತ್ತದೆ. ಜನವರಿಯಲ್ಲಿ ನಡೆಯುವ ಏಷ್ಯನ್ ಜಲಪಕ್ಷಿ ಗಣತಿಗೂ ಇದೇ ಅಭ್ಯಾಸ ಸಾಕು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ 2024ರಲ್ಲಿ ರಾಮ್ಸರ್ ಪಟ್ಟಿಗೆ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದವು. ಇಂಥ ಮನ್ನಣೆಗೆ ವರ್ಷವರ್ಷದ ಎಣಿಕೆಯೂ ಒಂದು ಆಧಾರ. ನಮ್ಮ ಮೂರು ಜಿಲ್ಲೆಗಳ ಕೆರೆಗಳಲ್ಲಿ ಎಣಿಸುವವರು ಇನ್ನೂ ಬೇಕು.

ಸಂಜೆ, ಹುಲ್ಲುಬಯಲಿನಲ್ಲಿ

ಹಿಂತಿರುಗುವ ದಾರಿಯಲ್ಲಿ ಬೀಳುಬಿಟ್ಟ ಹುಲ್ಲುನೆಲ ಸಿಕ್ಕರೆ ಐದು ಗಂಟೆಗೆ ಅಲ್ಲಿ ನಿಲ್ಲಿ. ಹೊಲದ ಮೇಲೆ ಹಾರುವ ಸೆಳೆವಗಳು, ಎಂದರೆ ಮೊಂಟೆಗು ಸೆಳೆವ ಮತ್ತು ಬಿಳಿಚು ಸೆಳೆವ, ರಾತ್ರಿ ಮರದಲ್ಲಿ ಮಲಗುವುದಿಲ್ಲ. ಹಗಲೆಲ್ಲ ಮಿಡತೆ, ಇಲಿ ಹಿಡಿದು, ಕತ್ತಲಾಗುತ್ತಿದ್ದಂತೆ ನಾಲ್ಕೂ ದಿಕ್ಕಿನಿಂದ ಬಂದು ಹುಲ್ಲಿನ ಮೇಲೆ ತಿರುಗಾಡಿ ಒಂದೊಂದಾಗಿ ನೆಲಕ್ಕಿಳಿಯುತ್ತವೆ. ರಸ್ತೆ ಬಿಟ್ಟು ಒಳಗೆ ಹೋಗಬೇಡಿ. ಬೆಳಕಿರುವಾಗಲೇ ಅವು ಬರುವ ದಿಕ್ಕಿಗೆ ಮುಖ ಮಾಡಿ ಕೂತು, ಇಳಿದವುಗಳನ್ನು ಮಾತ್ರ ಎಣಿಸಿ, ತಿರುಗಾಡುವವುಗಳನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಕೊನೆಯದು ಇಳಿದ ಮೇಲೂ ಹತ್ತು ನಿಮಿಷ ಕಾಯಿರಿ, ತಡವಾಗಿ ಬರುವ ಒಂದೆರಡು ಇದ್ದೇ ಇರುತ್ತವೆ. ಹೊರಡುವಾಗ ಗಾಡಿಯ ದೀಪ ಹುಲ್ಲಿನ ಕಡೆ ಬೀಳದಂತೆ ತಿರುಗಿಸಿಕೊಳ್ಳಿ.