ಕೊಂಬೆಗೆ ಕೊಂಬೆ ತಾಗಬೇಕು: ತುಮಕೂರು ಸೀಮೆಯ ಒಂದು ಬೇಲಿಯ ಕೆಲಸ

ಕಾಡುಪಾಪ ಅಂದರೆ ಸ್ಲೆಂಡರ್ ಲೋರಿಸ್, ರಾತ್ರಿ ಮರದ ಮೇಲೆ ಓಡಾಡುವ ಸಣ್ಣ ಪ್ರಾಣಿ. ಅದಕ್ಕೆ ನೆಗೆಯಲು ಬರುವುದಿಲ್ಲ. ಕೋತಿಯ ಹಾಗೆ ಈ ಮರದಿಂದ ಆ ಮರಕ್ಕೆ ಹಾರುವ ಜೀವ ಅಲ್ಲ ಅದು. ಮುಂದಿನ ಕೊಂಬೆ ಕೈಗೆ ಗಟ್ಟಿಯಾಗಿ ಸಿಕ್ಕ ಮೇಲೇ ಹಿಂದಿನದನ್ನು ಬಿಡುತ್ತದೆ. ಕೊಂಬೆ ಮುಗಿದ ಕಡೆ ನೆಲಕ್ಕೆ ಇಳಿಯಬೇಕು. ನೆಲದಲ್ಲಿ ನಾಯಿಗಳಿವೆ, ರಸ್ತೆ ಇದೆ. ನಮ್ಮ ಹೊಲದ ಸುತ್ತ ಇಷ್ಟು ವರ್ಷ ಮಾಡಿದ ಕೆಲಸವನ್ನೆಲ್ಲ ಈ ಒಂದು ವಿಷಯ ನೋಡಿಕೊಂಡೇ ಮಾಡಿದ್ದೇವೆ. ಗಿಡ ಎಷ್ಟು ನೆಟ್ಟಿರಿ ಅಂತ ಬಂದವರೆಲ್ಲ ಕೇಳುತ್ತಾರೆ. ನಾನು ನೋಡುವುದು ಬೇಲಿಯಲ್ಲಿ ಎಲ್ಲೆಲ್ಲಿ ಸಂದು ಉಳಿದಿದೆ ಅಂತ.

ನಮ್ಮದು ತುಮಕೂರು ಸೀಮೆ. ಮಳೆ ಕಡಿಮೆ. ಹೊಲದಲ್ಲಿ ರಾಗಿ, ಅವರೆ, ಕಡ್ಲೆಕಾಯಿ, ಬದುವಿನ ಮೇಲೆ ಹುಣಸೆ, ನೀರಿದ್ದ ಕಡೆ ತೆಂಗು. ಕಾಡುಪಾಪ ಅಂದರೆ ದಟ್ಟ ಕಾಡಿನ ಪ್ರಾಣಿ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಈ ಕಡೆ ಅದು ಇರುವುದು ಬೇಲಿಯಲ್ಲಿ, ಗುಂಡುತೋಪಿನಲ್ಲಿ, ಹಳ್ಳದ ದಂಡೆಯಲ್ಲಿ. ತುಮಕೂರು ಪಕ್ಕದ ನಾಗವಲ್ಲಿ ಈ ಪ್ರಾಣಿಯಿಂದಲೇ ಹೆಸರಾದ ಊರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲೂ ಇವೆ. ತೂಕ 250 ಗ್ರಾಂ ಆಸುಪಾಸು. ರಾತ್ರಿ ಓಡಾಡಿ ಹುಳ, ಇರುವೆ, ಗೆದ್ದಲು, ಮಿಡತೆ ತಿನ್ನುತ್ತದೆ. ಹಗಲು ಪೊದೆಯಲ್ಲಿ ಮುದುರಿಕೊಂಡು ಮಲಗುತ್ತದೆ. ತಾಯಿ ಮೇಯಲು ಹೋಗುವಾಗ ಮರಿಯನ್ನು ಒಂದು ಕೊಂಬೆಗೆ ಅಂಟಿಸಿ ಹೋಗುವುದೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ, ಅಂದರೆ ಹುಲಿ ಆನೆಗಳ ಸಾಲಿನಲ್ಲೇ, ಇದರ ಹೆಸರಿದೆ.

ತಮಿಳುನಾಡು ಸರ್ಕಾರ 2022ರಲ್ಲಿ ಕರೂರು ಮತ್ತು ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರ್ ಕಾಡನ್ನು ಕಡವೂರು ಕಾಡುಪಾಪ ಅಭಯಾರಣ್ಯ ಅಂತ ಘೋಷಿಸಿತು. ಒಳ್ಳೆಯ ಕೆಲಸ. ನಮ್ಮೂರ ಸುತ್ತ ಹಾಗೆ ಘೋಷಿಸಲು ಅಷ್ಟು ದೊಡ್ಡ ಕಾಡು ಎಲ್ಲಿದೆ? ಇರುವುದು ರೈತರ ಬದು, ಅದರ ಮೇಲೊಂದು ಬೇಲಿ. ಆ ಬೇಲಿ ಹೋದರೆ ಯಾವ ಇಲಾಖೆಗೂ ಗೊತ್ತಾಗುವುದಿಲ್ಲ.

ಹೋಗುತ್ತಲೂ ಇದೆ. ಬೋರ್‌ವೆಲ್ ಬಿದ್ದ ಕಡೆ ಅಡಿಕೆ ಬರುತ್ತದೆ. ಅಡಿಕೆ ಹಾಕುವ ಮುಂಚೆ ಜೇಸಿಬಿ ಬರುತ್ತದೆ. ಮೂರು ತಲೆಮಾರು ಬೆಳೆದ ಬೇಲಿ ಒಂದು ಬೆಳಗ್ಗೆಯಲ್ಲಿ ಗುಡ್ಡೆಯಾಗಿ, ಬೆಂಕಿ ಬಿದ್ದು, ಆ ಜಾಗದಲ್ಲಿ ಕಲ್ಲುಕಂಬ ಮತ್ತು ಮುಳ್ಳುತಂತಿ ನಿಲ್ಲುತ್ತದೆ. ರೈತನನ್ನು ಬೈದು ಪ್ರಯೋಜನ ಇಲ್ಲ. ತಂತಿ ಬೇಲಿ ಒಂದು ಅಡಿ ಜಾಗದಲ್ಲಿ ಮುಗಿಯುತ್ತದೆ, ಜೀವಂತ ಬೇಲಿ ಸುಮ್ನೆ ಬಿಟ್ಟರೆ ಹತ್ತು ಅಡಿ ತಿನ್ನುತ್ತದೆ. ಈ ಲೆಕ್ಕಕ್ಕೆ ಉತ್ತರ ಕೊಡದೆ ಬೇಲಿ ಉಳಿಸಿ ಅಂದರೆ ಯಾರೂ ಕೇಳುವುದಿಲ್ಲ.

ನಾನು ಹಾಕಿಕೊಂಡ ಲೆಕ್ಕ ಇದು. ಚೌಕವಾಗಿರುವ 1 ಎಕರೆ ಹೊಲಕ್ಕೆ ಸುತ್ತ 2 ಮೀಟರ್ ಅಗಲ ಬೇಲಿಗೆ ಬಿಟ್ಟರೆ ಹೆಚ್ಚುಕಡಿಮೆ 5 ಗುಂಟೆ ಹೋಗುತ್ತದೆ. 40 ಗುಂಟೆಯಲ್ಲಿ 5 ಅಂದರೆ ಜಾಸ್ತಿನೇ. ಅದೇ 4 ಎಕರೆಯ ಒಂದೇ ಚೌಕಕ್ಕೆ ಸುಮಾರು 10 ಗುಂಟೆ, ಅಂದರೆ 160ರಲ್ಲಿ 10. ಎರಡು ಹೊಲದ ನಡುವಿನ ಬೇಲಿಯನ್ನು ಇಬ್ಬರೂ ಒಂದೊಂದು ಮೀಟರ್ ಬಿಟ್ಟು ಬೆಳೆಸಿದರೆ ಇದೂ ಅರ್ಧವಾಗುತ್ತದೆ. ಹಾಗಾಗಿ ಒಬ್ಬನೇ ಮಾಡುವುದಕ್ಕಿಂತ ಪಕ್ಕದವರನ್ನು ಒಪ್ಪಿಸುವುದು ಅಗ್ಗ. ಸಣ್ಣ ಹಿಡುವಳಿಯವರಿಗೆ ನಾಲ್ಕೂ ಕಡೆ ದಟ್ಟ ಬೇಲಿ ಬೆಳೆಸಿ ಅಂತ ನಾನು ಹೇಳುವುದಿಲ್ಲ. ತೋಪನ್ನೋ ಹಳ್ಳವನ್ನೋ ಮುಟ್ಟುವ ಒಂದು ಕಡೆಯ ಬೇಲಿ ಸಾಕು.

ನಮ್ಮ ಹೊಲಗಳು ಒಂದು ಗುಂಡುತೋಪಿಗೂ ಒಂದು ಹಳ್ಳಕ್ಕೂ ನಡುವೆ ಇವೆ. ತೋಪಿನಲ್ಲಿ ಹಳೇ ಮಾವು, ನೇರಳೆ, ಹುಣಸೆ. ಹಳ್ಳದ ಖರಾಬಿನಲ್ಲಿ, ಅಂದರೆ ಬೇಸಾಯಕ್ಕೆ ಬಾರದ ಜಾಗದಲ್ಲಿ, ಹೊಂಗೆ, ಲಕ್ಕಿ, ಈಚಲು. ಹಳ್ಳ ಹಿಡಿದು ಮೇಲೆ ಹೋದರೆ ಕುರುಚಲು ಬೆಟ್ಟ. ತೋಪಿನಿಂದ ಹಳ್ಳದವರೆಗೆ ಕೊಂಬೆ ಮೇಲೇ ಹೋಗುವಂತೆ ಮಾಡುವುದು ನಮ್ಮ ಗುರಿ. ಮೊದಲು ಬೇಸಿಗೆಯಲ್ಲಿ ಪೂರಾ ಬೇಲಿ ನಡೆದು, ಆಕಾಶ ಕಾಣುವ ಪ್ರತಿ ಸಂದಿಗೂ ಒಂದು ಗೂಟ ಹೊಡೆದೆವು. ಬೇಸಿಗೆಯೇ ಯಾಕೆ ಅಂದರೆ ಎಲೆ ಉದುರಿದಾಗಲೇ ನಿಜವಾದ ಸಂದು ಗೊತ್ತಾಗುವುದು. ಮಳೆಗಾಲದಲ್ಲಿ ಎಲ್ಲ ಬೇಲಿಯೂ ಕಾಡಿನ ಹಾಗೇ ಕಾಣುತ್ತದೆ.

ನೆಡುವ ಕೆಲಸ ನಿಜಕ್ಕೂ ಕಡಿಮೆ. ಸಂದಿನಲ್ಲಿ ಹೊಂಗೆ, ಬೇವು, ತುಗ್ಗಲಿ, ಬಾಗೆ, ಕಗ್ಗಲಿ. ಬುಡದಲ್ಲಿ ಕಾರೆ, ಕವಳೆ, ತಂಗಡಿ. ನರ್ಸರಿ ಗಿಡಕ್ಕಿಂತ ಬೀಜ ಬಿತ್ತಿದ್ದು ನಮ್ಮಲ್ಲಿ ಚೆನ್ನಾಗಿ ಬಂದಿದೆ, ಬೇರು ನೇರ ಕೆಳಗೆ ಹೋಗುತ್ತದೆ, ನೀರು ಹಾಕುವ ಗೋಜಿಲ್ಲ. ರೋಹಿಣಿ ಮಳೆಗೆ ಬದುವಿನ ಪಕ್ಕ ಸಣ್ಣ ಕಾಲುವೆ ತೆಗೆದು, ತೆಗೆದ ಮಣ್ಣಿನ ಮೇಲೆ ಬೀಜ ಊರುತ್ತೇವೆ. ಬೇವಿನ ಬೀಜ ಮಾತ್ರ ಇಟ್ಟುಕೊಳ್ಳಬೇಡಿ, ಕೆಲವೇ ವಾರದಲ್ಲಿ ಹುಟ್ಟುವ ಶಕ್ತಿ ಹೋಗುತ್ತದೆ. ಹಣ್ಣು ಬಿದ್ದಾಗ ಆರಿಸಿ, ತೊಳೆದು, ಹಾಗೇ ಹಾಕಬೇಕು. ಕಕ್ಕೆ ಥರದ ಗಟ್ಟಿ ಬೀಜಕ್ಕೆ ಬಿಸಿನೀರು ಹುಯ್ದು ರಾತ್ರಿ ನೆನೆಸಬೇಕು. ಆಲ, ಅತ್ತಿ, ಗೋಣಿ ಮರಗಳ ತೋಳುಗಾತ್ರದ ಕೊಂಬೆಯನ್ನು ಗೂಟದ ಹಾಗೆ ನೆಟ್ಟರೂ ಚಿಗುರುತ್ತವೆ. ಗೊಬ್ಬರದ ಗಿಡವೂ (ಗ್ಲಿರಿಸಿಡಿಯ) ಹಾಗೇ. ಹೊರಗಡೆ ಕತ್ತಾಳೆ ಒಂದು ಸಾಲು ಇದ್ದರೆ ಮೇಕೆ ಒಳಗೆ ಬರುವುದಿಲ್ಲ. ಮೇಕೆ ತಡೆಯದೆ ಮಾಡುವ ಗಿಡ ನೆಡುವ ಕಾರ್ಯಕ್ರಮ ಬರೀ ಫೋಟೋಕ್ಕೆ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರಿಯಾಯಿತಿ ದರಕ್ಕೆ ಸಸಿ ಸಿಗುತ್ತದೆ. ಬದುಕಿ ಉಳಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹ ಧನವೂ ಉಂಟು. ಬೇವು, ಹೊಂಗೆ ಕೇಳಿ ತನ್ನಿ. ಬರೀ ಸಿಲ್ವರ್ ಓಕ್ ತಂದು ಸಾಲು ನಿಲ್ಲಿಸಿದರೆ ಅಡ್ಡ ಕೊಂಬೆಯೂ ಇಲ್ಲ, ಪೊದೆಯೂ ಇಲ್ಲ, ಕಾಡುಪಾಪಕ್ಕೆ ಅದು ಕಂಬವೇ.

ನೆಡುವುದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬಳ್ಳಿಗಳು. ಕಾಡುತೊಂಡೆ, ಅಮೃತಬಳ್ಳಿ, ಮಂಗರವಳ್ಳಿ, ಸೊಗದೆ. ಬೇಲಿ ಸವರುವಾಗ ಎಲ್ಲರೂ ಮೊದಲು ಕೀಳುವುದು ಇವನ್ನೇ, ನೋಡೋಕೆ ಚೆನ್ನಾಗಿರಲ್ಲ ಅಂತ. ಎರಡು ಮರದ ನಡುವೆ ಹೆಣೆದುಕೊಂಡ ಬಳ್ಳಿಯ ಮೇಲೆ ಕಾಡುಪಾಪ ಸಲೀಸಾಗಿ ದಾಟುತ್ತದೆ. ಮರ ಬೆಳೆದು ಕೊಂಬೆ ಕೂಡಲು ವರ್ಷಗಳು ಬೇಕು, ಬಳ್ಳಿ ಒಂದು ಮಳೆಗಾಲದಲ್ಲೇ ಸೇತುವೆ ಕಟ್ಟುತ್ತದೆ. ನಮ್ಮ ಬೇಲಿಯಲ್ಲಿ ಬಳ್ಳಿ ಕೀಳುವುದನ್ನು ಪೂರ್ತಿ ನಿಲ್ಲಿಸಿದೆವು. ಲಂಟಾನ ಅನ್ನುವ ಕಳೆಪೊದೆ ಇದೆಯಲ್ಲ, ಅದನ್ನು ಒಂದೇ ಸಲ ಕಿತ್ತು ಬಿಸಾಕಲಿಲ್ಲ. ಈಗ ಅದರೊಳಗೇ ಮಲಗುವ ಜೀವಗಳಿವೆ. ಪಕ್ಕದಲ್ಲಿ ಕಾರೆ, ಕವಳೆ ಮೇಲೆ ಬಂದ ಮೇಲೆ ಅಷ್ಟಷ್ಟೇ ತೆಗೆಯುತ್ತಾ ಹೋದೆವು.

ಕಷ್ಟವಾಗಿದ್ದು ಪಕ್ಕದ ಹೊಲದವರ ಜೊತೆಗಿನ ಮಾತು. ನನಗಿಂತ ಹಿರಿಯರು, ನಾನು ದೊಡ್ಡಪ್ಪ ಅಂತಲೇ ಕರೆಯುವುದು. ಒಂದು ದಿನ ಬದುವಿನ ಮೇಲೆ ನಿಂತು, "ಲೋ, ಬೇಲಿ ಎದ್ದು ಹೊಲ ಮೇಯ್ತು ಅಂತಾರಲ್ಲ, ನಿನ್ ಬೇಲಿ ನಿಜವಾಗ್ಲೂ ನನ್ ಹೊಲ ಮೇಯ್ತಾ ಐತೆ ನೋಡು" ಅಂದರು. ಸುಳ್ಳಲ್ಲ. ನೆರಳು ಬಿದ್ದ ಕಡೆ ರಾಗಿ ಎರಡು ಮೂರು ಸಾಲು ಕುಳ್ಳಾಗಿತ್ತು. ಕಾಡುಪಾಪದ ಮಾತು ನಾನು ಎತ್ತಲೇ ಇಲ್ಲ. "ದೊಡ್ಡಪ್ಪ, ನಿಮ್ಮ ಕಡೆ ಚಾಚಿರೋ ಕೊಂಬೆ ಬಿತ್ತನೆಗೆ ಮುಂಚೆ ನಾನೇ ಸವರಿಸ್ತೀನಿ, ಸೊಪ್ಪು ಪೂರ್ತಿ ನಿಮ್ಮ ಹೊಲಕ್ಕೇ ಹಾಕಿ. ನೆತ್ತಿ ಮಾತ್ರ ಕಡೀಬೇಡಿ" ಅಂದೆ. ಹೊಂಗೆ ಸೊಪ್ಪಿನ ಗೊಬ್ಬರದ ಬೆಲೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವತ್ತಿನಿಂದ ಇದೇ ಪದ್ಧತಿ. ಅಡ್ಡ ಕೊಂಬೆ ಹೊಲದ ಕಡೆಗೆ ಇರುವುದು ಹೋಗುತ್ತದೆ, ಬೇಲಿಯ ಉದ್ದಕ್ಕೆ ಹೋಗುವುದು ಉಳಿಯುತ್ತದೆ. ಬೇಲಿ ಹಸಿರು ಗೋಡೆಯ ಹಾಗೆ ತೆಳ್ಳಗೆ, ಎತ್ತರಕ್ಕೆ ಬೆಳೆಯಿತು. ಪೂರಾ ಬೇಲಿಯನ್ನು ಒಂದೇ ವರ್ಷ ಸವರುವುದಿಲ್ಲ, ಒಂದು ತುಂಡು ಈ ವರ್ಷ, ಇನ್ನೊಂದು ಮುಂದಿನ ವರ್ಷ.

ಗಾಡಿ ಜಾಡು ಇನ್ನೊಂದು ತಲೆನೋವು. ಬೇಲಿ ಅಲ್ಲಿ ತುಂಡಾಗಲೇಬೇಕು. ಎರಡೂ ಕಡೆಯ ಹೊಂಗೆ ಮರಗಳು ಮೇಲೆ ಕೂಡಲಿ ಅಂತ ಬಿಟ್ಟರೆ, ರಾಗಿ ಹುಲ್ಲು ಹೇರಿಕೊಂಡು ಬರುವ ಟ್ರ್ಯಾಕ್ಟರ್ ಟ್ರೇಲರ್‌ಗೆ ಸಿಕ್ಕಿ ಕೊಂಬೆ ಮುರಿಯುತ್ತಿತ್ತು. ಕೆಳಗಿನ ಕೊಂಬೆ ನಾವೇ ಎತ್ತರಕ್ಕೆ ಸವರಿಕೊಟ್ಟು, ಮೇಲೆ ತೆಂಗಿನ ನಾರಿನ ದಪ್ಪ ಹಗ್ಗ ಎಳೆದು ಕಟ್ಟಿ, ಅದಕ್ಕೆ ಬಳ್ಳಿ ಹಬ್ಬಿಸಿದೆವು. ಕರೆಂಟ್ ಲೈನ್ ಹೋಗುವ ಕಡೆ ಎತ್ತರದ ಮರ ಬೇಡವೇ ಬೇಡ. ಲೈನ್‌ಮ್ಯಾನ್ ಹೇಗಿದ್ದರೂ ಕಡಿಯುತ್ತಾರೆ, ಕಡಿಯದಿದ್ದರೆ ಕೊಂಬೆಯಿಂದ ತಂತಿಗೆ ದಾಟಿದ ಪ್ರಾಣಿ ಸುಟ್ಟುಹೋಗುತ್ತದೆ. ಅಲ್ಲಿ ಕಾರೆ, ಲಕ್ಕಿ, ಸೀತಾಫಲ ಒತ್ತಾಗಿ ಬೆಳೆಸಿ, ದಾರಿಯನ್ನು ಕೆಳಗಿನಿಂದಲೇ ಮಾಡಿದ್ದೇವೆ.

ಅವರೆಗೆ ಔಷಧಿ ಹೊಡೆಯುವಾಗ ಬೇಲಿ ಪಕ್ಕದ ಸಾಲುಗಳನ್ನು ಬಿಡುತ್ತೇವೆ. ಹುಳ ತಿಂದು ಬದುಕುವ ಪ್ರಾಣಿಗೆ ಬೇಲಿ ಕೊಟ್ಟು ಹುಳ ಕೊಲ್ಲುವುದು ಅರ್ಥವಿಲ್ಲದ ಕೆಲಸ ಅಲ್ವಾ? ಪಂಪ್‌ಹೌಸಿನ ಮೇಲಿದ್ದ ಎಲ್‌ಇಡಿ ದೀಪವನ್ನು ಹೊಲದ ಕಡೆಗೆ ಬಗ್ಗಿಸಿ ಮೇಲೊಂದು ತಗಡು ಮುಚ್ಚಿದೆವು.

ನೋಡಲು ಹೋಗುವುದು ಕತ್ತಲಾದ ಮೇಲೆ, ತಲೆಗೆ ಕಟ್ಟುವ ಟಾರ್ಚಿಗೆ ಕೆಂಪು ಜಿಲಾಟಿನ್ ಪೇಪರ್ ಸುತ್ತಿ. ಬಿಳಿ ಬೆಳಕು ಅವಕ್ಕೆ ಕಣ್ಣು ಚುಚ್ಚುತ್ತದೆ. ಜೋಡಿ ಕಣ್ಣು ಕೆಂಡದ ಬಣ್ಣದಲ್ಲಿ ಹೊಳೆಯುತ್ತವೆ, ನಿಧಾನವಾಗಿ ಜಾಗ ಬದಲಿಸುತ್ತವೆ. ಮೊದಲು ತೋಪಿನಲ್ಲಿ ಮಾತ್ರ ಕಾಣುತ್ತಿದ್ದವು. ಈಗ ಬೇಲಿಯ ನಡುಭಾಗದಲ್ಲೂ, ಹಳ್ಳದ ಹತ್ತಿರವೂ ಕಾಣುತ್ತವೆ. ಜೊತೆಗೆ ಕರೆಯದೇ ಬಂದವರು ಬೇರೆ ಇದ್ದಾರೆ: ಪುನುಗು ಬೆಕ್ಕು, ಮುಂಗುಸಿ, ಉಡ, ಗೌಜಲಕ್ಕಿ, ಹುಣಸೆ ಪೊಟರೆಯಲ್ಲಿ ಹಾಲಕ್ಕಿ ಗೂಬೆ. ಅತ್ತಿ ಹಣ್ಣಾದಾಗ ಮಂಗಟ್ಟೆ ಹಕ್ಕಿ. ನವಿಲೂ ಜಾಸ್ತಿಯಾಗಿದೆ, ಕಡ್ಲೆಕಾಯಿ ಬಿತ್ತಿದ ವಾರ ಕಾವಲು ಕೂರಲೇಬೇಕು. ಹಂದಿ ಬಂದರೆ ಬೇಲಿ ತಡೆಯುವುದಿಲ್ಲ. ಬೇಲಿಯಿಂದ ಬೆಳೆಗೆ ಲಾಭವೋ ಲಾಭ ಅಂತ ಕೆಲವರು ಭಾಷಣ ಮಾಡುತ್ತಾರೆ, ನಾನು ಹಾಗೆ ಹೇಳಲಾರೆ. ಸೌದೆ, ಸೊಪ್ಪು, ಹೊಂಗೆ ಬೀಜ, ಸೀತಾಫಲ, ಹುಣಸೆ ಸಿಗುತ್ತವೆ. ಬಿಟ್ಟ ಜಾಗದ ರಾಗಿಗೆ ಅದು ಹೆಚ್ಚುಕಡಿಮೆ ಸರಿಹೋಗುತ್ತದೆ, ಅಷ್ಟೇ.

ಮಾಟಮಂತ್ರಕ್ಕೆ, ಕಣ್ಣಿನ ಔಷಧಿಗೆ ಅಂತ ಕಾಡುಪಾಪ ಹಿಡಿಯುವವರು ಇನ್ನೂ ಇದ್ದಾರೆ. ಆದ್ದರಿಂದ ಎಲ್ಲಿ ಕಂಡಿತು ಅಂತ ಊರೆಲ್ಲ ಸಾರುವುದಿಲ್ಲ. ವಾಟ್ಸಾಪ್ ಗುಂಪಿಗೆ ಫೋಟೋ ಹಾಕಬೇಡಿ ಅಂತ ಮಕ್ಕಳಿಗೂ ಹೇಳಿದ್ದೇವೆ. ಗಾಯಗೊಂಡಿದ್ದು ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಡುವುದು. ಬಾಳೆಹಣ್ಣು, ಹಾಲು ಕೊಡುವ ಉಪಕಾರ ಬೇಡ.

ಈಗ ಉಳಿದಿರುವುದು ಹಳ್ಳಕ್ಕೆ ಮುಂಚಿನ ಕೊನೆಯ ಹೊಲ. ಅದನ್ನು ಬೆಂಗಳೂರಿನಲ್ಲಿರುವವರೊಬ್ಬರು ಕೊಂಡಿದ್ದಾರೆ, ಸುತ್ತ ಕಬ್ಬಿಣದ ಜಾಲರಿ ಹಾಕಿಸಬೇಕು ಅಂತಿದ್ದಾರೆ. ಹಾಕಿಸಿ, ಆದರೆ ಬೇಲಿ ಕೀಳದೆ ಅದರ ಒಳಗಡೆಗೆ ಕಂಬ ನೆಡಿಸಿ ಅಂದಿದ್ದೇನೆ. ಒಂದೂವರೆ ಮೀಟರ್ ಜಾಗ ಹೋಗುತ್ತಲ್ಲ ಅಂತ ಅವರ ತಕರಾರು. ಸರ್ವೆಯವರು ಬಂದು ಕಲ್ಲು ಹಾಕಲಿ, ಗಡಿ ಬೇಲಿಯ ಹೊರಗೇ ಇರುತ್ತದೆ, ಜಾಗ ನಿಮ್ಮ ಹೆಸರಲ್ಲೇ ಉಳಿಯುತ್ತದೆ ಅಂತ ಹೇಳಿದ ಮೇಲೆ ಅರ್ಧ ಒಪ್ಪಿದ್ದಾರೆ. ಜೇಸಿಬಿಗೆ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲವಂತೆ. ಸರ್ವೆಗೆ ಅರ್ಜಿ ಹಾಕಿಸಿದ್ದೇನೆ.